‘ಕಂಪ್ಯೂಟರ್ ಉತಾರ’: ಧಾರವಾಡ ಸೀಮೆಯ ಒಂದು ಸಮಾಸದ ಪದಚರಿತ್ರೆ

ಸಾರಾಂಶ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದ ಗ್ರಾಮೀಣ ಕನ್ನಡದಲ್ಲಿ ‘ಕಂಪ್ಯೂಟರ್ ಉತಾರ’ ಎಂಬ ಸಮಾಸ ನಿತ್ಯಬಳಕೆಯದು. ಇದರ ಪೂರ್ವಪದ ಇಂಗ್ಲಿಷಿನಿಂದಲೂ ಉತ್ತರಪದ ಮರಾಠಿಯಿಂದಲೂ ಬಂದಿವೆ. ಮೊದಲನೆಯದು ಒಂದು ಕಾಲಕ್ಕೆ ಲೆಕ್ಕ ಹಾಕುವ ಮನುಷ್ಯನನ್ನು ಹೇಳುತ್ತಿತ್ತು, ಎರಡನೆಯದು ಬರೆದು ಇಳಿಸಿಕೊಳ್ಳುವ ಕ್ರಿಯೆಯನ್ನು. ಇಂದು ಎರಡೂ ವಸ್ತುಗಳ ಹೆಸರುಗಳಾಗಿವೆ. ಈ ಲೇಖನದಲ್ಲಿ ನಾವು ಎರಡೂ ಪದಗಳ ವ್ಯುತ್ಪತ್ತಿಯನ್ನು ಮತ್ತು ಅರ್ಥಪಲ್ಲಟವನ್ನು ಪರಿಶೀಲಿಸಿ, ‘ಗಣಕ’ ಎಂಬ ಪಾರಿಭಾಷಿಕ ಪದ ಹಳ್ಳಿಯ ಮಾತಿನಲ್ಲಿ ನೆಲೆಯೂರದಿರಲು ಕಾರಣವೇನು, ಮನುಷ್ಯಕರ್ತೃ ವಾಕ್ಯದಿಂದ ಮರೆಯಾದುದರ ಪರಿಣಾಮವೇನು ಎಂಬುದನ್ನು ವಿವೇಚಿಸುತ್ತೇವೆ.

ಮುಖ್ಯ ಪದಗಳು: ಸ್ವೀಕೃತ ಪದ, ಅರ್ಥಪಲ್ಲಟ, ಧಾರವಾಡ ಕನ್ನಡ, ಭೂದಾಖಲೆ, ಪಾರಿಭಾಷಿಕ ಪದರಚನೆ

1. ಪೀಠಿಕೆ

ತಂತ್ರಜ್ಞಾನದ ಪದಗಳನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಪದಸೃಷ್ಟಿಯ ಚರ್ಚೆಯಾಗಿದೆ. ಇಂಗ್ಲಿಷಿನ ಒಂದು ಪದಕ್ಕೆ ಸಂಸ್ಕೃತದಿಂದ ರೂಪ ಕಟ್ಟಬೇಕೆ, ಅಚ್ಚಗನ್ನಡದಿಂದ ಕಟ್ಟಬೇಕೆ, ಇದ್ದಂತೆಯೇ ಉಳಿಸಿಕೊಳ್ಳಬೇಕೆ ಎಂಬ ಮೂರು ಪಕ್ಷಗಳ ನಡುವೆ ಅದು ಸುತ್ತುತ್ತದೆ. ಪದವನ್ನು ಬಳಸುವವರು ಅದನ್ನು ಮೊದಲು ಯಾವ ಸಂದರ್ಭದಲ್ಲಿ ಎದುರುಗೊಂಡರು, ಆಗ ಅವರ ನಾಲಗೆಯ ಮೇಲೆ ಯಾವ ಪದಗಳು ಸಿದ್ಧವಾಗಿದ್ದವು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಗ್ರಾಮೀಣ ಧಾರವಾಡದ ಬಹುಸಂಖ್ಯಾತ ರೈತರ ಪಾಲಿಗೆ ಕಂಪ್ಯೂಟರು ಮೊದಲು ಬಂದದ್ದು ಶಾಲೆಯ ಮೂಲಕವಾಗಲಿ ಬ್ಯಾಂಕಿನ ಮೂಲಕವಾಗಲಿ ಅಲ್ಲ. ತಾಲ್ಲೂಕು ಕಚೇರಿಯಲ್ಲಿ ಹೊಲದ ಕಾಗದ ಕೊಡುವ ಯಂತ್ರವಾಗಿ. ಆದ್ದರಿಂದ ಆ ಪದದ ಇಲ್ಲಿನ ಚರಿತ್ರೆಯನ್ನು ಹೊಲದ ಕಾಗದದ ಚರಿತ್ರೆಯಿಂದ ಬೇರ್ಪಡಿಸಲಾಗದು.

ಮುಂದೆ ಬರುವ ಉದಾಹರಣೆಗಳು ಈ ಸೀಮೆಯ ಆಡುಮಾತಿನ ವಾಡಿಕೆಯ ವಾಕ್ಯಮಾದರಿಗಳು. ಅವುಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇವೆ.

2. ಕಂಪ್ಯೂಟರ್, ಗಣಕ, ಲೆಕ್ಕಿಗ

‘ಕಂಪ್ಯೂಟರ್’ ಪದದ ಮೂಲ ಲ್ಯಾಟಿನ್ನಿನ ‘ಕಂಪುಟಾರೆ’. ‘ಕಂ’ ಎಂದರೆ ಕೂಡಿ. ‘ಪುಟಾರೆ’ ಎಂಬ ಧಾತುವಿಗೆ ಗಿಡವನ್ನು ಸವರು, ಶುದ್ಧಗೊಳಿಸು, ಲೆಕ್ಕ ಚುಕ್ತಾ ಮಾಡು, ಭಾವಿಸು ಎಂಬ ಅರ್ಥಗಳಿವೆ. ಸವರಿ ಹಸನುಮಾಡುವ ಕೃಷಿಕ್ರಿಯೆಯಿಂದ ಲೆಕ್ಕಕ್ಕೂ, ಲೆಕ್ಕದಿಂದ ಚಿಂತನೆಗೂ ಅರ್ಥ ಹರಿದಿದೆ. ಈ ಕೊನೆಯ ಹೆಜ್ಜೆಗೆ ದ್ರಾವಿಡದಲ್ಲಿ ನಿಕಟವಾದ ಸಾದೃಶ್ಯವಿದೆ. ಕನ್ನಡದ ‘ಎಣಿಸು’ ಸಂಖ್ಯೆಯನ್ನು ಲೆಕ್ಕಿಸುವುದನ್ನೂ ‘ಹೀಗೆಂದು ಭಾವಿಸು’ ಎಂಬುದನ್ನೂ ಹೇಳುತ್ತದೆ. ತಮಿಳಿನ ‘ಎಣ್’ ಸಂಖ್ಯೆಯೂ ಹೌದು, ಎಣಿಕೆಯೂ ಹೌದು, ಆಲೋಚನೆಯೂ ಹೌದು. ಇದೇ ಲ್ಯಾಟಿನ್ ಧಾತು ಹಳೆಯ ಫ್ರೆಂಚಿನ ಹಾದಿಯಲ್ಲಿ ಸವೆದು ಇಂಗ್ಲಿಷಿನ ‘ಕೌಂಟ್’, ‘ಕೌಂಟರ್’ ಪದಗಳನ್ನೂ ಕೊಟ್ಟಿತು. ತಾಲ್ಲೂಕು ಕಚೇರಿಯಲ್ಲಿ ರೈತ ನಿಲ್ಲುವ ಕೌಂಟರೂ ಅದರಾಚೆ ಇರುವ ಕಂಪ್ಯೂಟರೂ ಒಂದೇ ಧಾತುವಿನ ಎರಡು ಕವಲುಗಳು.

ಇಂಗ್ಲಿಷಿನಲ್ಲಿ 1613ರ ಹೊತ್ತಿಗೇ ದಾಖಲಾಗಿರುವ ‘ಕಂಪ್ಯೂಟರ್’ ಮನುಷ್ಯವಾಚಕ: ಲೆಕ್ಕ ಹಾಕುವವನು. ಭಾರತದಲ್ಲಿಯೂ ಆ ಪದ ಮೊದಲು ಹುದ್ದೆಯ ಹೆಸರಾಗಿತ್ತು. ರಾಧಾನಾಥ ಸಿಕ್ದಾರರು 1831ರಲ್ಲಿ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ಸೇರಿದ್ದು ‘ಕಂಪ್ಯೂಟರ್’ ಆಗಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪದ ಲೆಕ್ಕದ ಸಾಧನಕ್ಕೂ ಅನ್ವಯವಾಗತೊಡಗಿತು. ಇಪ್ಪತ್ತನೆಯ ಶತಮಾನದ ನಡುವೆ ವಿದ್ಯುನ್ಮಾನ ಯಂತ್ರ ಬಂದ ಮೇಲೆ ಮನುಷ್ಯವಾಚಕಾರ್ಥ ಕ್ರಮೇಣ ಬಳಕೆ ತಪ್ಪಿತು.

ಸಂಸ್ಕೃತದ ‘ಗಣಕ’ ಪದದ ನಡೆಯೂ ಇದೇ. ‘ಗಣ್’ ಧಾತುವಿಗೆ ಕರ್ತೃವಾಚಕವಾದ ‘-ಅಕ’ ಪ್ರತ್ಯಯ ಸೇರಿ ಆದ ರೂಪವಿದು. ವಾಜಸನೇಯಿ ಸಂಹಿತೆಯ ಮೂವತ್ತನೆಯ ಅಧ್ಯಾಯದ ಪುರುಷಮೇಧದ ಪಟ್ಟಿಯಲ್ಲಿ ಗ್ರಾಮಣಿಯ ಪಕ್ಕದಲ್ಲಿಯೇ ಗಣಕನ ಹೆಸರಿದೆ. ಲೆಕ್ಕಿಗ, ಜ್ಯೋತಿಷಿ ಎಂಬ ಎರಡೂ ಅರ್ಥಗಳಲ್ಲಿ ಪದ ಮುಂದುವರಿಯಿತು. ಯಂತ್ರಕ್ಕೆ ಕನ್ನಡ ಹೆಸರು ಬೇಕಾದಾಗ ‘ಗಣಕಯಂತ್ರ’ ಎಂದು ರೂಪಿಸಿದ್ದು ಗಮನಾರ್ಹ. ಕರ್ತೃವಾಚಕ ಪ್ರತ್ಯಯ ಮನುಷ್ಯನನ್ನು ಸೂಚಿಸಬಲ್ಲುದಾದ್ದರಿಂದ ಆ ಸೂಚನೆಯನ್ನು ತಡೆಯಲು ‘ಯಂತ್ರ’ ಎಂಬ ಉತ್ತರಪದ ಬೇಕಾಯಿತು. ಯಂತ್ರ ಪರಿಚಿತವಾದ ಮೇಲೆ ಆ ಊರುಗೋಲು ಅನಾವಶ್ಯಕವಾಗಿ ‘ಗಣಕ’ ಎಂಬುದಷ್ಟೇ ಉಳಿಯಿತು. ಮರಾಠಿಯ ‘ಸಂಗಣಕ’ವೂ ಇದೇ ಧಾತುವಿನದು.

ಈ ಸಾಲಿನಲ್ಲಿ ಮೂರನೆಯದೊಂದು ಪದವಿದೆ: ‘ಲೆಕ್ಕಿಗ’. ‘ಲೆಕ್ಕ’ ಎಂಬುದು ಸಂಸ್ಕೃತದ ‘ಲೇಖ್ಯ’ ಪದ ಪ್ರಾಕೃತದ ‘ಲೆಕ್ಖ’ದ ಮೂಲಕ ಬಂದ ರೂಪ. ಅದಕ್ಕೆ ಕನ್ನಡದ ‘-ಇಗ’ ಸೇರಿ ಲೆಕ್ಕ ಬರೆಯುವವನು ಎಂದಾಯಿತು. ಕರ್ನಾಟಕದ ಕಂದಾಯ ಇಲಾಖೆಯಲ್ಲಿ ಹಳ್ಳಿಯ ಭೂದಾಖಲೆಯನ್ನು ಇಡುತ್ತಿದ್ದವನ ಪದನಾಮ ‘ಗ್ರಾಮ ಲೆಕ್ಕಿಗ’. ಮೂರು ಭಾಷಾಮೂಲಗಳಿಂದ ಬಂದ ಕಂಪ್ಯೂಟರ್, ಗಣಕ, ಲೆಕ್ಕಿಗ ಈ ಮೂರೂ ವ್ಯುತ್ಪತ್ತಿಯ ದೃಷ್ಟಿಯಿಂದ ಹೆಚ್ಚುಕಡಿಮೆ ಸಮಾನಾರ್ಥಕಗಳು. ಭೂದಾಖಲೆಯ ಗಣಕೀಕರಣವೆಂದರೆ ಪದಚರಿತ್ರೆಯ ಭಾಷೆಯಲ್ಲಿ ಲೆಕ್ಕಿಗನ ಕೈಯಿಂದ ಲೆಕ್ಕಿಗನ ಕೈಗೆ ಆದ ವರ್ಗಾವಣೆ. ಎರಡನೆಯ ಲೆಕ್ಕಿಗ ಮನುಷ್ಯನಲ್ಲ ಎಂಬುದಷ್ಟೇ ಅಂತರ.

3. ಉತಾರ: ದಾಟುವುದರಿಂದ ಇಳಿಸುವುದಕ್ಕೆ

ಹಳೆಯ ಮೈಸೂರಿನ ರೈತ ‘ಪಹಣಿ’ ಎನ್ನುವ ಕಡೆ ಧಾರವಾಡದ ರೈತ ‘ಉತಾರ’ ಎನ್ನುತ್ತಾನೆ. ಹಕ್ಕು, ಗೇಣಿ ಮತ್ತು ಬೆಳೆಗಳ ವಿವರವುಳ್ಳ ಈ ದಾಖಲೆಗೆ ಕಚೇರಿಯಲ್ಲಿ ‘ಆರ್‌ಟಿಸಿ’ ಎಂಬ ಹೆಸರೂ ಇದೆ. ಪಹಣಿ, ಉತಾರ ಎರಡೂ ಮರಾಠಿಯಿಂದ ಬಂದವು. ಮರಾಠಿಯ ‘ಪಾಹಣೆ’ ಎಂದರೆ ನೋಡು. ‘ಪಾಹಣೀ’ ಎಂದರೆ ನೋಡುವಿಕೆ, ತಪಾಸಣೆ. ಹೊಲಕ್ಕೆ ಹೋಗಿ ಬೆಳೆ ನೋಡುವ ಕ್ರಿಯೆಯ ಹೆಸರು, ನೋಡಿದ್ದನ್ನು ಬರೆದ ಪತ್ರಿಕೆಯ ಹೆಸರಾಯಿತು.

‘ಉತಾರಾ’ ಪದದ ಚರಿತ್ರೆ ಇನ್ನೂ ವಕ್ರವಾದುದು. ಸಂಸ್ಕೃತದ ‘ಉತ್’ ಉಪಸರ್ಗಕ್ಕೆ ಮೇಲಕ್ಕೆ, ಹೊರಕ್ಕೆ ಎಂಬ ಅರ್ಥ. ‘ತೄ’ ಧಾತುವಿಗೆ ದಾಟು ಎಂಬ ಅರ್ಥ. ‘ಉತ್ತರತಿ’ ಎಂದರೆ ನೀರಿನಿಂದ ಮೇಲೆ ಬರುತ್ತಾನೆ, ದಾಟಿ ದಡ ಸೇರುತ್ತಾನೆ. ಆದರೆ ಹಿಂದಿಯ ‘ಉತರ್‌ನಾ’, ಮರಾಠಿಯ ‘ಉತರಣೆ’ ಕೆಳಕ್ಕೆ ಇಳಿಯುವುದನ್ನು ಹೇಳುತ್ತವೆ. ಮೇಲಕ್ಕೆ ಎಂಬುದು ಕೆಳಕ್ಕೆ ಎಂದಾದ ಈ ಪಲ್ಲಟಕ್ಕೆ ಪಯಣದ ಸನ್ನಿವೇಶವೇ ಸೇತುವೆಯಾಗಿರಬೇಕು. ಹೊಳೆ ದಾಟಿದವನು ದೋಣಿಯಿಂದ ದಡಕ್ಕೆ ಬರುತ್ತಾನೆ. ಪಯಣ ಮುಗಿಸಿದವನು ಕುದುರೆಯಿಂದಲೂ ಬಂಡಿಯಿಂದಲೂ ಇಳಿಯುತ್ತಾನೆ. ದಾಟಿ ಮುಗಿಸು ಎಂಬ ಅಂಶ ಸಾಮಾನ್ಯವಾಗಿ ಉಳಿದು, ದಿಕ್ಕು ಮಾತ್ರ ಬದಲಾಯಿತು. ಮರಾಠಿಯಲ್ಲಿ ‘ಉತಾರೂ’ ಎಂದರೆ ಪ್ರಯಾಣಿಕ ಎಂಬುದು ಈ ಹಳೆಯ ಅರ್ಥದ ಕುರುಹು.

ಮರಾಠಿಯ ‘ಉತಾರಾ’ ಬಹ್ವರ್ಥಕ ಪದ. ಇಳಿಜಾರು, ವಿಷಕ್ಕೆ ಪ್ರತ್ಯೌಷಧ, ದೃಷ್ಟಿ ತೆಗೆಯಲು ನಿವಾಳಿಸಿ ಇಡುವ ವಸ್ತು, ಗ್ರಂಥದಿಂದ ಎತ್ತಿದ ಭಾಗ, ಕಬ್ಬಿನಿಂದ ದೊರೆಯುವ ಸಕ್ಕರೆಯ ಪ್ರಮಾಣ, ದಾಖಲೆಯ ಪ್ರತಿ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಎಲ್ಲವುಗಳಲ್ಲಿ ಸಮಾನವಾದದ್ದು ಒಂದರಿಂದ ಮತ್ತೊಂದನ್ನು ಇಳಿಸಿ ತೆಗೆಯುವ ಭಾವ. ಧಾರವಾಡ ಕನ್ನಡ ಈ ಇಡೀ ಕುಟುಂಬವನ್ನು ಕರೆತರಲಿಲ್ಲ. ಮುಖ್ಯವಾಗಿ ಕೊನೆಯ ಅರ್ಥವನ್ನಷ್ಟೇ ಸ್ವೀಕರಿಸಿತು. ಎರವಲು ತರುವ ಭಾಷೆ ಪದದ ಅರ್ಥವನ್ನು ಸಂಕೋಚಗೊಳಿಸುವ ಸಾಮಾನ್ಯ ಪ್ರವೃತ್ತಿಗೆ ಇದು ನಿದರ್ಶನ.

ಚಲನೆಯಿಂದ ಪ್ರತಿಗೆ ಅರ್ಥ ಸರಿಯುವುದು ಈ ಪದಕ್ಕಷ್ಟೇ ಸೀಮಿತವಲ್ಲ. ‘ನಕಲು’ ಪದದ ಮೂಲವಾದ ಅರಬ್ಬಿಯ ‘ನಕ್ಲ್’ ಕೂಡ ಸಾಗಿಸುವುದನ್ನು ಹೇಳಿ, ಬಳಿಕ ಪ್ರತಿ ಮಾಡುವುದನ್ನು ಹೇಳಿತು. ಕನ್ನಡದ್ದೇ ಆದ ‘ಇಳಿಸು’ ಧಾತುವಿಗೂ ಈ ಸಾಧ್ಯತೆ ಒದಗಿದೆ: ‘ಬರೆದಿಳಿಸು’ ಎನ್ನುತ್ತೇವೆ, ಪರರ ಬರಹವನ್ನು ತನ್ನದೆಂದು ಬರೆದವನು ‘ಭಟ್ಟಿ ಇಳಿಸಿದ’ ಎನ್ನುತ್ತೇವೆ. ಹೀಗಾಗಿ ಉತಾರ ಪದದ ರೂಪ ಪರಕೀಯವಾದರೂ ಅದರ ಹಿಂದಿನ ರೂಪಕ ಕನ್ನಡಿಗನಿಗೆ ಪರಕೀಯವಾಗಿರಲಿಲ್ಲ.

4. ಕನ್ನಡದೊಳಗೆ ಬಂದ ಬಗೆ

ಅಣ್ಣಿಗೇರಿ ಬೆಳ್ವೊಲ ಮುನ್ನೂರರ ಪ್ರಮುಖ ಪಟ್ಟಣವಾಗಿದ್ದ ಕಾಲದ ಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಅಳೆಯಲಾಗಿದೆ; ಲೆಕ್ಕದವನು ಕರಣ, ಸೇನಬೋವ ಎಂಬ ಹೆಸರುಗಳಿಂದ ಕಾಣಿಸಿಕೊಳ್ಳುತ್ತಾನೆ. ಮರಾಠರ ಆಡಳಿತದಲ್ಲಿ ಈ ಸೀಮೆಯ ದಫ್ತರದ ಭಾಷೆ ಮರಾಠಿಯಾಯಿತು, ಲಿಪಿ ಮೋಡಿಯಾಯಿತು, ಲೆಕ್ಕದವನು ಕುಲಕರ್ಣಿಯಾದ. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಕೊನೆಗೊಂಡು ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೂ ಕಂದಾಯದ ಪದಸಂಪತ್ತು ಮುಂದುವರಿಯಿತು. ಕುಂದಗೋಳ ಭಾಗ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು 1948ರವರೆಗೂ ಬೇರೆಯೇ ಆಡಳಿತದಲ್ಲಿತ್ತು. ಅಲ್ಲಿಯೂ ಇದೇ ಪದಗಳಿದ್ದುದರಿಂದ ವಿಲೀನದ ಬಳಿಕ ಹೊಸ ಪರಿಭಾಷೆ ಕಲಿಯುವ ಅಗತ್ಯ ಬೀಳಲಿಲ್ಲ. 1903ರಲ್ಲಿ ಮುಂಬಯಿ ಸರಕಾರ ಹಕ್ಕುದಾಖಲೆಯ ಕಾಯಿದೆಯನ್ನು ತಂದಿತು. ಇಂಥ ದಾಖಲೆಯಿಂದ ಬರೆದುಕೊಟ್ಟ ಪ್ರತಿಯೇ ಉತಾರ. ಇಂದಿಗೂ ಮಹಾರಾಷ್ಟ್ರದಲ್ಲಿ ಏಳು ಮತ್ತು ಹನ್ನೆರಡನೆಯ ನಮೂನೆಗಳ ಪ್ರತಿಗೆ ‘ಸಾತ್‌ಬಾರಾ ಉತಾರಾ’ ಎಂಬ ಹೆಸರಿದೆ. 1950ರ ಮುಂಬಯಿ ಕಾಯಿದೆ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಗೊಳಿಸಿತು. ಕುಲಕರ್ಣಿಯ ಸ್ಥಾನಕ್ಕೆ ಸಂಬಳದ ತಲಾಟಿ ಬಂದ. 1956ರಲ್ಲಿ ಧಾರವಾಡ ವಿಶಾಲ ಮೈಸೂರಿಗೆ ಸೇರಿ, 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ಕೊಟ್ಟ ಬಳಿಕವೂ ಜನರ ಮಾತಿನಲ್ಲಿ ತಲಾಟಿ ತಲಾಟಿಯಾಗಿಯೇ, ಉತಾರ ಉತಾರವಾಗಿಯೇ ಉಳಿದವು.

ಧ್ವನಿಯ ದೃಷ್ಟಿಯಿಂದ ಒಂದು ಅಂಶ ಗಮನಿಸತಕ್ಕದ್ದು. ಆಡಳಿತದ ಎರವಲು ಪದಗಳಲ್ಲಿ ಪದಾಂತ್ಯದ ದೀರ್ಘ ‘ಆ’ ಬಹುವೇಳೆ ಕನ್ನಡದಲ್ಲಿ ‘ಎ’ ಆಗುತ್ತದೆ: ಖಾತಾ ಖಾತೆಯಾಯಿತು, ನಮೂನಾ ನಮೂನೆಯಾಯಿತು, ದಾಖಲಾ ದಾಖಲೆಯಾಯಿತು. ‘ಉತಾರಾ’ ಮಾತ್ರ ‘ಉತಾರೆ’ಯಾಗದೆ, ಕೊನೆಯ ಸ್ವರ ಹ್ರಸ್ವವಾಗಿ ‘ಉತಾರ’ ಎಂದು ನಿಂತು, ಮರ, ಹೊಲ ಮೊದಲಾದ ಅಕಾರಾಂತ ನಪುಂಸಕಗಳ ಸಾಲಿಗೆ ಸೇರಿತು: ಉತಾರದ, ಉತಾರಕ್ಕ, ಉತಾರದಾಗ. ಖಾತೆ, ನಮೂನೆಗಳು ರಾಜ್ಯವ್ಯಾಪಿಯಾದ ಬರಹದ ಭಾಷೆಯಲ್ಲಿ ಒಗ್ಗಿದ ಪದಗಳು. ಉತಾರ ಒಂದು ಸೀಮೆಯ ಆಡುಮಾತಿನಲ್ಲಿ ನೆಲೆಸಿದ ಪದ. ರೂಪಭೇದಕ್ಕೆ ಈ ಹಾದಿಭೇದವೇ ಕಾರಣವೆಂದು ನಾವು ಊಹಿಸುತ್ತೇವೆ.

5. ಪ್ರತಿಯೇ ಮೂಲವಾದದ್ದು

‘ಉತಾರದಾಗ ನಮ್ಮ ಹೆಸರೈತಿ’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಇಲ್ಲಿ ಉತಾರವೆಂದರೆ ಕೈಯಲ್ಲಿರುವ ಕಾಗದವಲ್ಲ, ಕಚೇರಿಯಲ್ಲಿರುವ ಮೂಲದಾಖಲೆ. ಪ್ರತಿಯ ಹೆಸರು ಮೂಲಕ್ಕೆ ಸಂದಿದೆ. ಈ ಲಕ್ಷಣಾವೃತ್ತಿಗೆ ಕಾರಣ ದೂರದಲ್ಲಿಲ್ಲ. ರೈತ ಮೂಲ ವಹಿಯನ್ನು ಕಾಣುವುದು ಅಪರೂಪ. ಅವನ ಕೈಗೆ ಬರುವುದು ಸದಾ ಪ್ರತಿಯೇ. ಸಾಲಕ್ಕೆ, ಬೆಳೆವಿಮೆಗೆ, ಪರಿಹಾರಕ್ಕೆ, ಕೋರ್ಟಿಗೆ ಅವನು ಒಯ್ಯುವುದೂ ಪ್ರತಿಯನ್ನೇ. ಹೀಗೆ ಕ್ರಿಯೆ, ಕಾಗದ, ಮೂಲದಾಖಲೆ, ಕೊನೆಗೆ ಹಕ್ಕು ಎಂಬ ನಾಲ್ಕು ಮೆಟ್ಟಿಲುಗಳನ್ನು ಪದ ಹತ್ತಿದೆ. ‘ಉತಾರ ಅವರದು, ಹೊಲ ನಮ್ಮದು’ ಎಂಬಂಥ ಮಾತಿನಲ್ಲಿ ಅದು ಸ್ವಾಧೀನಕ್ಕೆ ಎದುರಾಗಿ ನಿಲ್ಲುವ ಕಾನೂನಿನ ಹಕ್ಕನ್ನೇ ಹೇಳುತ್ತದೆ. ಇದೇ ಹಾದಿಯಲ್ಲಿ ಹೊರಟ ‘ನಕಲು’ ಪದಕ್ಕೆ ‘ನಕಲಿ’ಯ ಕಳಂಕ ಅಂಟಿದರೆ, ‘ಉತಾರ’ ಪ್ರಾಮಾಣ್ಯವನ್ನೇ ಗಳಿಸಿತು.

6. ಸಮಾಸದ ಹುಟ್ಟು

2000ದ ಸುಮಾರಿಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳನ್ನು ತಲುಪಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ದೊರೆಯತೊಡಗಿತು. ಕೈಬರಹದ ಪಹಣಿಗಳು ಹಂತಹಂತವಾಗಿ ತಾಲ್ಲೂಕುವಾರು ಮಾನ್ಯತೆ ಕಳೆದುಕೊಂಡವು. ಅಣ್ಣಿಗೇರಿ ಆಗ ನವಲಗುಂದ ತಾಲ್ಲೂಕಿನ ಭಾಗವಾಗಿದ್ದುದರಿಂದ ಅಲ್ಲಿನವರು ನವಲಗುಂದದ ಕಚೇರಿಗೇ ಹೋಗಬೇಕಿತ್ತು.

ಸರಕಾರಿ ಬರಹ ಹೊಸ ಪ್ರತಿಯನ್ನು ‘ಗಣಕೀಕೃತ ಪಹಣಿ’ ಎಂದಿತು. ಹಳ್ಳಿಯ ಮಾತು ಅದನ್ನು ‘ಕಂಪ್ಯೂಟರ್ ಉತಾರ’ ಎಂದಿತು. ಎರಡರ ರಚನೆಯೂ ಒಂದೇ: ಹಳೆಯ ಮರಾಠಿ ಪದಕ್ಕೆ ಹೊಸ ವಿಶೇಷಣ. ‘ಗಣಕ’ ಹಳ್ಳಿಯಲ್ಲಿ ನಿಲ್ಲದಿರಲು ಅದು ಸಂಸ್ಕೃತವೆಂಬುದಾಗಲಿ ಕಠಿನವೆಂಬುದಾಗಲಿ ಸಾಕಾದ ಕಾರಣವಲ್ಲ. ಸೂರ್ಯ, ಗ್ರಹಣ, ಪಂಚಾಂಗಗಳು ಅದೇ ಬಾಯಲ್ಲಿ ಸಲೀಸಾಗಿ ಓಡಾಡುತ್ತವೆ. ಕುಲಕರ್ಣಿ, ತಲಾಟಿ, ಲೆಕ್ಕಿಗರ ಸಾಲಿನಲ್ಲಿ ಗಣಕನೆಂಬವನು ಈ ಸೀಮೆಯ ಕಂದಾಯದ ಮಾತಿನಲ್ಲಿ ಜೀವಂತನಾಗಿರಲಿಲ್ಲ. ಹೊಸ ಪದಕ್ಕೆ ಆತುಕೊಳ್ಳಲು ಹಳೆಯ ಪದವೊಂದು ಬೇಕು. ಇಲ್ಲಿ ಆ ಆಸರೆ ಸಿಕ್ಕಿದ್ದು ಉತಾರದಲ್ಲಿ. ‘ಕಂಪ್ಯೂಟರ್’ ಸ್ವತಂತ್ರ ನಾಮಪದವಾಗಿ ಬರುವುದಕ್ಕಿಂತ ಮುಂಚೆ ಅನೇಕರ ಮಾತಿಗೆ ಬಂದದ್ದು ಉತಾರದ ವಿಶೇಷಣವಾಗಿ ಎಂಬುದು ನಮ್ಮ ವಾದ.

ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿವೇಚಿಸಿದ ಅರಿಸಮಾಸ ಸಂಸ್ಕೃತ ಮತ್ತು ಕನ್ನಡ ಪದಗಳ ಕೂಟವನ್ನು ಕುರಿತದ್ದು. ಇಲ್ಲಿ ಎರಡೂ ಪದಗಳು ಆ ವಿಭಾಗದ ಹೊರಗಿನವು. ಆದರೂ ವಿಶೇಷಣ ಮೊದಲು, ವಿಶೇಷ್ಯ ಆಮೇಲೆ, ವಿಭಕ್ತಿ ಉತ್ತರಪದಕ್ಕೆ ಎಂಬ ಕಟ್ಟು ಪೂರ್ತಿಯಾಗಿ ಕನ್ನಡದ್ದು.

ಸಮಾಸದ ಹುಟ್ಟು ಹಳೆಯ ಪದಕ್ಕೂ ಹೊಸ ಹೆಸರು ತಂದಿತು. ಅಲ್ಲಿಯವರೆಗೆ ಬರಿಯ ‘ಉತಾರ’ ಆಗಿದ್ದದ್ದು ‘ಕೈಬರಹದ ಉತಾರ’ ಆಯಿತು. ಹೊಲದ ದಾಖಲೆಗಳೆಲ್ಲ ಮುದ್ರಿತವೇ ಆದ ಮೇಲೆ ಅಲ್ಲಿ ವಿಶೇಷಣದ ಅಗತ್ಯ ತಗ್ಗಿತು. 2013ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಇ-ಸ್ವತ್ತು’ ಬಂದ ಬಳಿಕ ಅದೇ ಸಮಾಸ ಮನೆ, ನಿವೇಶನಗಳ ದಾಖಲೆಯತ್ತ ಸರಿದು ಹೊಸ ಬಾಳು ಪಡೆಯಿತು.

7. ಏರುವುದು, ಇಳಿಯುವುದು

ಉತಾರದ ಸುತ್ತ ಇರುವ ಕ್ರಿಯಾಪದಗಳು ಒಂದು ವ್ಯವಸ್ಥೆಯನ್ನು ರೂಪಿಸುತ್ತವೆ. ವಾಟ್ನಿಯಾದ ಮೇಲೆ, ವಾರಸಾ ಆದ ಮೇಲೆ ಹೆಸರು ಉತಾರಕ್ಕೆ ‘ಏರುತ್ತದೆ’. ಬ್ಯಾಂಕಿನ ಸಾಲ ಪಡೆದರೆ ಉತಾರದ ಮೇಲೆ ‘ಬೋಜಾ’ ಏರುತ್ತದೆ. ಸಾಲ ತೀರಿದರೆ ಅದು ಇಳಿಯುತ್ತದೆ ಇಲ್ಲವೇ ಕಡಿಮೆಯಾಗುತ್ತದೆ. ಬೋಜಾ ಎಂದರೆ ಮರಾಠಿಯಲ್ಲಿ ಹೊರೆ. ದಾಖಲೆ ಎಂಬುದು ಮೇಲಿನ ತಾಣ. ಅಲ್ಲಿಗೆ ಸೇರಿಸುವುದು ಏರಿಸುವುದು, ಅಲ್ಲಿಂದ ಪಡೆಯುವುದು ಇಳಿಸಿಕೊಳ್ಳುವುದು. ಕಂಪ್ಯೂಟರ್ ಪರಿಭಾಷೆಯ ‘ಅಪ್‌ಲೋಡ್’, ‘ಡೌನ್‌ಲೋಡ್’ ಪದಗಳಲ್ಲಿಯೂ ಇದೇ ದಿಕ್ಕುಗಳಿವೆ, ಇದೇ ಹೊರೆಯಿದೆ. ಕನ್ನಡದಲ್ಲಿ ಅವಕ್ಕೆ ಬಳಕೆಯಾಗುವ ಪದಗಳೂ ‘ಏರಿಸು’, ‘ಇಳಿಸಿಕೊಳ್ಳು’. ಒಂದು ಮತ್ತೊಂದರಿಂದ ಬಂದದ್ದಲ್ಲ. ಅಧಿಕಾರದ ನೆಲೆಯನ್ನು ಎತ್ತರದಲ್ಲಿ ಕಲ್ಪಿಸಿಕೊಳ್ಳುವ ರೂಪಕ ಎರಡು ಕಡೆ ಸ್ವತಂತ್ರವಾಗಿ ಫಲಿಸಿದೆ. ಪರಿಭಾಷೆ ರಚಿಸುವವರಿಗೆ ಇದರಿಂದ ಒಂದು ಸೂಚನೆಯುಂಟು: ತಂತ್ರಜ್ಞಾನದ ಕ್ರಿಯಾಪದಗಳು ನಿಘಂಟಿಗಿಂತ ಮೊದಲು ಕಚೇರಿಯ ಜಗುಲಿಯಲ್ಲಿ ಸಿದ್ಧವಾಗಿರಬಹುದು.

8. ವಾಕ್ಯದ ಕರ್ತೃ

ಕೆಳಗಿನ ನಾಲ್ಕು ವಾಕ್ಯಗಳನ್ನು ಹೋಲಿಸಬಹುದು.

(ಅ) ತಲಾಟಿ ಉತಾರ ಬರದ ಕೊಟ್ಟ.
(ಆ) ತಲಾಟಿ ನಮ್ಮ ಹೆಸರ ಬರದಿಲ್ಲ.
(ಇ) ನಮ್ಮ ಹೆಸರ ಕಂಪ್ಯೂಟರನ್ಯಾಗ ಬಂದಿಲ್ಲ.
(ಈ) ಕಂಪ್ಯೂಟರ ತಗೋವಲ್ದು.

ಮೊದಲೆರಡರಲ್ಲಿ ಬರೆದವನೂ ಬರೆಯದವನೂ ಮನುಷ್ಯ. ಮೂರನೆಯದರಲ್ಲಿ ಕ್ರಿಯಾಪದ ಅಕರ್ಮಕವಾಗಿ, ಹೆಸರೇ ಕರ್ತೃವಾಗಿದೆ. ಬರೆಯಬೇಕಾದವನಿಗೆ ವಾಕ್ಯದಲ್ಲಿ ಸ್ಥಾನವಿಲ್ಲ. ನಾಲ್ಕನೆಯದರಲ್ಲಿ ಯಂತ್ರವೇ ಕರ್ತೃ. ‘-ವಲ್ದು’ ಎಂಬುದು ‘ಒಲ್ಲದು’ ಎಂಬುದರ ಸವೆದ ರೂಪ. ಮೂಲದಲ್ಲಿ ಅದು ಒಪ್ಪದಿರುವುದನ್ನು, ನಿರಾಕರಣೆಯನ್ನು ಹೇಳುತ್ತದೆ. ಇದನ್ನೇ ಆಧಾರವಾಗಿಟ್ಟು ರೈತ ಕಂಪ್ಯೂಟರಿಗೆ ಇಚ್ಛೆಯನ್ನು ಆರೋಪಿಸುತ್ತಾನೆಂದು ತೀರ್ಮಾನಿಸುವುದು ಅವಸರವಾದೀತು. ‘ಮಳಿ ಬರವಲ್ದು’ ಎಂಬಲ್ಲಿಯೂ ಅದೇ ರೂಪವಿದೆ. ಧಾರವಾಡ ಕನ್ನಡದಲ್ಲಿ ಅದು ನಡೆಯಬೇಕಾದದ್ದು ನಡೆಯದಿರುವುದನ್ನು ಸೂಚಿಸುವ ವ್ಯಾಕರಣಾಂಶವಾಗಿ ಸವೆದಿದೆ. ಆದರೆ ಹೋಲಿಕೆ ಅಲ್ಲಿಯೇ ಅರ್ಥಪೂರ್ಣವಾಗುತ್ತದೆ. ಬಾರದ ಮಳೆಗೆ ಅರ್ಜಿ ಹಾಕಲಾಗದು. ಕಂಪ್ಯೂಟರನ್ನು ಮಳೆಯ ಸಾಲಿನಲ್ಲಿ ನಿಲ್ಲಿಸುವ ವಾಕ್ಯ, ಹೆಸರಿನ ಒಂದಕ್ಷರ ತಪ್ಪಿ ಸಾಲವೋ ವಿಮೆಯೋ ನಿಂತುಹೋದಾಗ ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ಎಡೆಗೊಡುವುದಿಲ್ಲ. ಕೌಂಟರಿನ ಆಚೆಯವನಿಗೆ ಆ ವಾಕ್ಯ ಅನುಕೂಲಕರ. ಈಚೆಯವನು ಅದನ್ನೇ ಮನೆಗೆ ಒಯ್ದು ಮರುನುಡಿಯುತ್ತಾನೆ. ಕೈಬರಹದ ಕಾಲದ ತಲಾಟಿ ಹೆಚ್ಚು ನ್ಯಾಯವಂತನಾಗಿದ್ದನೆಂದು ಇದರ ಅರ್ಥವಲ್ಲ. ಅವನು ತಪ್ಪಿದಾಗ ತಪ್ಪು ಅವನದೆಂದು ಹೇಳುವ ವಾಕ್ಯವೊಂದು ಭಾಷೆಯಲ್ಲಿ ಸಿದ್ಧವಿತ್ತು ಎಂಬುದಷ್ಟೇ ನಮ್ಮ ಅಭಿಪ್ರಾಯ.

ಪದನಾಮಗಳೂ ಇದೇ ದಿಕ್ಕಿನಲ್ಲಿ ಸಾಗಿವೆ. ಗ್ರಾಮ ಲೆಕ್ಕಿಗನು ಗ್ರಾಮ ಲೆಕ್ಕಾಧಿಕಾರಿಯಾಗಿ, ಈಚೆಗೆ ಗ್ರಾಮ ಆಡಳಿತ ಅಧಿಕಾರಿಯಾಗಿದ್ದಾನೆ. ಲೆಕ್ಕ ಯಂತ್ರದ ಪಾಲಾದಂತೆ ಮನುಷ್ಯನ ಪದನಾಮದಿಂದ ‘ಲೆಕ್ಕ’ವೇ ಬಿದ್ದುಹೋಯಿತು. ನೋಡುವಿಕೆಯೆಂಬ ಅರ್ಥದ ‘ಪಹಣಿ’ಗೆ ಮಾತ್ರ ವಿರುದ್ಧ ದಿಕ್ಕಿನ ತಿರುವೊಂದು ದೊರೆತಿದೆ: 2020ರ ಮುಂಗಾರಿನಲ್ಲಿ ರೈತನೇ ತನ್ನ ಬೆಳೆಯನ್ನು ಮೊಬೈಲಿನಲ್ಲಿ ದಾಖಲಿಸುವ ಆ್ಯಪ್ ಬಂದು, ಹೊಲವನ್ನು ನೋಡಿ ಹೇಳುವ ಕೆಲಸದಲ್ಲಿ ಹೊಲದವನಿಗೂ ಪಾಲು ದೊರೆಯಿತು.

9. ಉಪಸಂಹಾರ

‘ಕಂಪ್ಯೂಟರ್ ಉತಾರ’ ಸಮಾಸದ ಎರಡೂ ಪದಗಳು ಮನುಷ್ಯನ ಕೈಕೆಲಸದಿಂದ ಹೊರಟವು. ಲೆಕ್ಕಿಸುವವನು ಯಂತ್ರವಾದ, ಇಳಿಸಿಕೊಳ್ಳುವ ಕ್ರಿಯೆ ಕಾಗದವಾಗಿ, ದಾಖಲೆಯಾಗಿ, ಹಕ್ಕಾಯಿತು. ತಂತ್ರಜ್ಞಾನದ ಪದವೊಂದರ ಚರಿತ್ರೆಯನ್ನು ಅದರ ಮೂಲಭಾಷೆಯಲ್ಲಿ ಮಾತ್ರ ಹುಡುಕಿದರೆ ಅರ್ಧ ಮಾತ್ರ ದೊರೆಯುತ್ತದೆ. ಉಳಿದರ್ಧ ಅದು ಬಂದು ಆತುಕೊಂಡ ಪದದ ಚರಿತ್ರೆಯಲ್ಲಿದೆ. ಪರಿಭಾಷೆ ಕಟ್ಟುವವರು ಹೊಸ ವಸ್ತುವಿಗೆ ಹೆಸರು ಹುಡುಕುವ ಮುನ್ನ, ಜನ ಆ ವಸ್ತುವನ್ನು ಯಾವ ಕೆಲಸಕ್ಕಾಗಿ ಎದುರುಗೊಳ್ಳುತ್ತಾರೆ, ಆ ಕೆಲಸದ ಮಾತುಗಳು ಯಾವುವು ಎಂದು ಕೇಳುವುದು ಉಚಿತ. ಕನ್ನಡದ ಆಡಳಿತಭಾಷೆಯನ್ನು ಅಭ್ಯಸಿಸುವವರಿಗೆ ಇದಕ್ಕಿಂತ ಗುರುತರವಾದ ಕೆಲಸವೊಂದು ಉಳಿದಿದೆ: ‘ಬಂದಿಲ್ಲ’, ‘ತಗೋವಲ್ದು’ ಎಂಬ ವಾಕ್ಯಗಳು ಕಚೇರಿಯ ಮಾತಿನಲ್ಲಿ ಎಲ್ಲೆಲ್ಲಿ ಕರ್ತೃವನ್ನು ಮರೆಮಾಡುತ್ತವೆಯೆಂದು ಗುರುತಿಸುವುದು. ಉತಾರದಲ್ಲಿ ಹೆಸರು ತಪ್ಪಿದವನಿಗೆ, ಅದನ್ನು ಸರಿಪಡಿಸಬೇಕಾದವರು ಯಾರೆಂದು ಹೇಳುವ ವಾಕ್ಯವೂ ಆ ಉತಾರದಷ್ಟೇ ಅಗತ್ಯವಾದ ದಾಖಲೆ.